ಶರಣ ಚಳವಳಿ ಮತ್ತು ಧಾರ್ಮಿಕ ಮಾನವತಾವಾದ: ಒಂದು ಮರುವಿಚಾರ

ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣ ಚಳವಳಿಯನ್ನು ಸಂಘಟಿತ ಧಾರ್ಮಿಕ ಮಾನವತಾವಾದದ ಮೂಲವೆಂದು ಗುರುತಿಸುವುದು ನಮ್ಮ ವಿಮರ್ಶೆಯಲ್ಲಿ ರೂಢವಾಗಿದೆ. ಇಲ್ಲಿ ‘ಸಂಘಟಿತ’ ಎಂಬ ವಿಶೇಷಣವೇ ಪರಿಶೀಲನಾರ್ಹ. ಅನುಭವ ಮಂಟಪವನ್ನು ಅಧ್ಯಕ್ಷಪೀಠವುಳ್ಳ ಸಭೆಯಾಗಿ ಕಾಣಲು ನಮಗಿರುವ ಮುಖ್ಯ ಆಧಾರ ‘ಶೂನ್ಯಸಂಪಾದನೆ’. ಅದಾದರೋ ಹದಿನೈದನೆಯ ಶತಮಾನದ್ದು; ಚದುರಿದ್ದ ವಚನಗಳನ್ನು ಶಿವಗಣಪ್ರಸಾದಿ ಮಹಾದೇವಯ್ಯ ಸಂವಾದರೂಪದಲ್ಲಿ ಪೋಣಿಸಿದ್ದಾನೆ. ಆ ಕಾವ್ಯಸತ್ಯವನ್ನೇ ಸಭಾ ನಡಾವಳಿಯೆಂದು ಓದುವುದು ಸಲ್ಲದು. 1923ರಲ್ಲಿ ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ ಪ್ರಕಟವಾದ ಮೇಲೆ ವಚನಗಳು ವ್ಯಾಪಕ ಓದಿಗೆ ದೊರೆತವು. ಜೊತೆಗೆ ಆ ಕಾಲದ ಸುಧಾರಣಾವಾದಿ ಪರಿಭಾಷೆಯೂ ಅಂಟಿಕೊಂಡಿತು. ‘ಸಂಸತ್ತು’ ಎಂಬ ಹೋಲಿಕೆ ಅದರದೇ ಕೂಸು.

ಹಾಗೆಂದು ಸಂಘಟನೆ ಇರಲೇ ಇಲ್ಲವೆನ್ನಲಾಗದು. ಅದನ್ನು ಮಂಟಪಕ್ಕಿಂತ ಹೆಚ್ಚಾಗಿ ಕಾಯಕ-ದಾಸೋಹಗಳಲ್ಲಿ ಅರಸಬೇಕು. ನುಲಿಯ ಚಂದಯ್ಯ ಹಗ್ಗ ಹೊಸೆದು ಜಂಗಮಕ್ಕೆ ನೀಡಿದ. ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ತಂದ ಅಕ್ಕಿಯನ್ನು ಲಕ್ಕಮ್ಮ ಹಿಂದಕ್ಕೆ ಕಳುಹಿಸಿದಳು. ದುಡಿಮೆಯ ಈ ನಿಯಮವೇ ಬೇರೆ ಬೇರೆ ಜಾತಿಯವರನ್ನು ಬೆಸೆದ ಕಟ್ಟು.

1933ರಲ್ಲಿ ಅಮೆರಿಕದಲ್ಲಿ 34 ಮಂದಿ ಸಹಿ ಹಾಕಿದ ಮಾನವತಾವಾದಿ ಪ್ರಣಾಳಿಕೆ ಧರ್ಮವನ್ನು ಉಳಿಸಿಕೊಂಡು ಸೃಷ್ಟಿಕರ್ತನನ್ನು ಕೈಬಿಟ್ಟಿತು. ಶರಣರ ಅಂಗೈಯಲ್ಲಿ ಇಷ್ಟಲಿಂಗವಿದೆ. ಅದನ್ನು ತೆಗೆದು ಓದಿದರೆ ಲಕ್ಕಮ್ಮನ ನಿಷ್ಠುರತೆ ಬರಿಯ ಮಿತವ್ಯಯವಾಗಿ ಉಳಿಯುತ್ತದೆ.