ಹಾಲ್‌ಸ್ಟೆಡ್ಡರ 'ಗಳಗಂಡದ ಶಸ್ತ್ರಕ್ರಿಯಾ ಕಥನ': ಒಂದು ವಿಮರ್ಶೆ

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ಡರು 1920ರಲ್ಲಿ ಪ್ರಕಟಿಸಿದ ಗಳಗಂಡದ ಶಸ್ತ್ರಕ್ರಿಯಾ ಕಥನವು ವೈದ್ಯಕೀಯ ಚರಿತ್ರೆಯ ಗಣ್ಯ ಬರಹಗಳಲ್ಲೊಂದು. ಥೈರಾಯ್ಡ್ ಗ್ರಂಥಿಗೆ ಶಸ್ತ್ರವಿಟ್ಟವರ ವೃತ್ತಾಂತಗಳನ್ನು ಪ್ರಾಚೀನ ಕಾಲದಿಂದ ತಮ್ಮ ಕಾಲದವರೆಗೆ ಅವರು ಅಪಾರ ಶ್ರಮದಿಂದ ಸಂಗ್ರಹಿಸಿದ್ದಾರೆ. ಆ ಪಾಂಡಿತ್ಯವನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಂತಹ ಊರುಗಳಿಂದ ನೋಡಿದಾಗ ಆ ಚರಿತ್ರೆಯಲ್ಲಿ ಏನು ಉಳಿದುಹೋಗಿದೆ ಎಂಬುದನ್ನು ಮಾತ್ರ ಇಲ್ಲಿ ವಿಚಾರಿಸುತ್ತೇವೆ.

ಕಥನದ ಸಾರ ಸುಪರಿಚಿತವಾದುದು. ಥೈರಾಯ್ಡ್ ರಕ್ತಸಮೃದ್ಧವಾದ ಗ್ರಂಥಿ. ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೂ ಅದನ್ನು ಕೊಯ್ಯುವುದೆಂದರೆ ರಕ್ತಸ್ರಾವ, ಕೀವು, ಉಸಿರುಕಟ್ಟುವಿಕೆಗಳಿಗೆ ರೋಗಿಯನ್ನು ಒಪ್ಪಿಸಿದಂತೆಯೇ ಆಗುತ್ತಿತ್ತು. ಬಿಲ್‌ರೋತರಂತಹ ಸಮರ್ಥರೇ ಸಾವುಗಳನ್ನು ಕಂಡು ಕೆಲವು ವರ್ಷ ಈ ಕಾರ್ಯವನ್ನು ಕೈಬಿಟ್ಟಿದ್ದರು. 1872ರಲ್ಲಿ ಬರ್ನ್ ನಗರದಲ್ಲಿ ಪ್ರಾಧ್ಯಾಪಕರಾದ ಥಿಯೋಡೋರ್ ಕೋಖರರು ಶುಚಿತ್ವ, ಸಾವಧಾನ, ರಕ್ತನಾಳಗಳನ್ನು ಮೊದಲೇ ಕಟ್ಟುವ ಕ್ರಮ—ಇವುಗಳಿಂದ ಮರಣಪ್ರಮಾಣವನ್ನು ಕ್ರಮೇಣ ಶೇಕಡ 1ಕ್ಕಿಂತ ಕೆಳಗಿಳಿಸಿದರು. ಥೈರಾಯ್ಡನ್ನು ಕುರಿತ ಅವರ ಕಾರ್ಯಕ್ಕೆ 1909ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಇಬ್ಬರ ಕೈಚಳಕವನ್ನೂ ಬಲ್ಲ ಹಾಲ್‌ಸ್ಟೆಡ್ಡರು ಇಲ್ಲಿ ಒಂದು ಮಾರ್ಮಿಕವಾದ ತುಲನೆ ಮಾಡುತ್ತಾರೆ. ಕೋಖರರು ಗ್ರಂಥಿಯನ್ನು ಚೊಕ್ಕಟವಾಗಿ, ಪೂರ್ತಿಯಾಗಿ ತೆಗೆದುದರಿಂದ ಅವರ ರೋಗಿಗಳು ಗ್ರಂಥಿರಸದ ಅಭಾವದಿಂದ ಊದಿಕೊಂಡು ಮಂದಬುದ್ಧಿಯವರಾದರು. ಬಿಲ್‌ರೋತರು ವೇಗದಿಂದ ಕೆಲಸ ಮಾಡಿ ಗ್ರಂಥಿಯ ಚೂರುಗಳನ್ನು ಉಳಿಸಿದರೂ ಹಿಂಬದಿಯ ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ ಪೆಟ್ಟು ತಗುಲಿಸಿದುದರಿಂದ ಅವರ ರೋಗಿಗಳಿಗೆ ಕೈಕಾಲು ಸೆಟೆಯುವ ಸೆಳವು ಬಂದಿತು. ವಿವರಣೆ ಒಪ್ಪತಕ್ಕದ್ದೇ. ಆದರೆ ಇದರಲ್ಲಿ ಕಾರಣವೆಲ್ಲವೂ ಶಸ್ತ್ರವೈದ್ಯನ ಕೈಯಲ್ಲಿಯೇ ಇದೆ. ಆ ಪರಿಣಾಮ ಜಗತ್ತಿಗೆ ತಿಳಿದುಬಂದ ಬಗೆಗೆ ಈ ತುಲನೆಯಲ್ಲಿ ಸ್ಥಾನವಿಲ್ಲ.

ಅದು ತಿಳಿದದ್ದು ಶಸ್ತ್ರಾಗಾರದಲ್ಲಿ ಅಲ್ಲ. 1874ರಲ್ಲಿ ಕೋಖರರು ಹನ್ನೊಂದು ವರ್ಷದ ಬಾಲಕಿಯೊಬ್ಬಳ ಗ್ರಂಥಿಯನ್ನು ಪೂರ್ತಿಯಾಗಿ ತೆಗೆದಿದ್ದರು. ಗಾಯ ಮಾಯಿತು, ಆಸ್ಪತ್ರೆಯ ಲೆಕ್ಕದಲ್ಲಿ ಅದು ಯಶಸ್ಸು. ಹುಡುಗಿಯ ಸ್ವಭಾವ ಬದಲಾಗಿದೆಯೆಂದು ಗಮನಿಸಿದವರು ಅವಳನ್ನು ಕಳುಹಿಸಿಕೊಟ್ಟಿದ್ದ ವೈದ್ಯ ಫೆಟ್ಶೆರಿನ್. ಆ ಮಾತಿಗೆ ಬೆಲೆ ಬರಲು ವರ್ಷಗಳೇ ಬೇಕಾದವು. 1882ರಲ್ಲಿ ಜಿನೀವಾದ ರೆವರ್ಡಿನ್ನರು ತಮ್ಮ ರೋಗಿಗಳಲ್ಲಿಯೂ ಇಂತಹದೇ ಮಾರ್ಪಾಟನ್ನು ತಿಳಿಸಿದ ಮೇಲೆ ಕೋಖರರು ಹಳೆಯ ರೋಗಿಗಳನ್ನು ಮರಳಿ ಕರೆಸಿದರು. ಪೂರ್ತಿ ಗ್ರಂಥಿ ಕಳೆದುಕೊಂಡು ಮರುಪರೀಕ್ಷೆಗೆ ಬಂದವರಲ್ಲಿ ಬಹುಪಾಲು ಮಂದಿ ಕೆಟ್ಟ ಸ್ಥಿತಿಯಲ್ಲಿದ್ದರು. 1883ರಲ್ಲಿ ಅವರು ಇದನ್ನು ಮುಚ್ಚಿಡದೆ ಪ್ರಕಟಪಡಿಸಿದರು. ನಮ್ಮ ಅಭಿಪ್ರಾಯದಲ್ಲಿ ಥೈರಾಯ್ಡ್ ಶಸ್ತ್ರಕ್ರಿಯೆಯ ಸುರಕ್ಷತೆಯ ಚರಿತ್ರೆ ಕೊಯ್ತದ ಕುಶಲತೆಯಿಂದಲ್ಲ, ಈ ಮರುಭೇಟಿಯಿಂದ ಆರಂಭವಾಗುತ್ತದೆ.

ಈ ವ್ಯತ್ಯಾಸ ನಮ್ಮ ನಾಡಿಗೆ ಏಕೆ ಮುಖ್ಯವೆಂಬುದನ್ನು ನೋಡೋಣ. ಮೇಲೆ ಹೇಳಿದ ಮೂರು ಊರುಗಳ ರೋಗಿಗೆ ದೊಡ್ಡ ಶಸ್ತ್ರಕ್ರಿಯೆಯೆಂದರೆ ಸಾಮಾನ್ಯವಾಗಿ ಮಂಗಳೂರಿನ ದಾರಿ. ಬಂಟ್ವಾಳದಿಂದ ಅದು ಸುಮಾರು 25 ಕಿಲೋಮೀಟರು. ಘಟ್ಟದ ಬುಡದ ಬೆಳ್ತಂಗಡಿಯಿಂದ ಅದರ ಎರಡರಷ್ಟಕ್ಕೂ ಮಿಗಿಲು. ಅಲ್ಲಿಯ ಶಸ್ತ್ರಾಗಾರ ಉತ್ತಮವಾಗಿರಬಹುದು, ಶಸ್ತ್ರವೈದ್ಯನು ಧ್ವನಿನರವನ್ನು ಕಣ್ಣಾರೆ ಗುರುತಿಸಿ ಉಳಿಸಿರಬಹುದು. ಆದರೂ ಅಪಾಯವೆಲ್ಲ ಆಸ್ಪತ್ರೆಯಲ್ಲಿಯೇ ಮುಗಿಯುವುದಿಲ್ಲ. ಕುತ್ತಿಗೆಯೊಳಗಿನ ರಕ್ತಸ್ರಾವ ಬಹುಮಟ್ಟಿಗೆ ಮೊದಲ 24 ಗಂಟೆಗಳಲ್ಲಿ ಕಾಣಿಸುತ್ತದೆ. ಆಗ ಹೊಲಿಗೆಯನ್ನು ಹಾಸಿಗೆಯ ಬಳಿಯೇ ಬಿಚ್ಚಬಲ್ಲವರು ಹತ್ತಿರವಿರಬೇಕು. ಕ್ಯಾಲ್ಸಿಯಂ ಕುಸಿತ ಎರಡು ಮೂರು ದಿನಗಳ ಮೇಲೆ ತೋರಬಹುದು. ಬೇಗನೆ ಮನೆಗೆ ಕಳುಹಿಸಲ್ಪಟ್ಟವನು ತುಟಿಯ ಸುತ್ತ, ಬೆರಳ ತುದಿಗಳಲ್ಲಿ ಜುಮುಜುಮು ಎನ್ನುವುದನ್ನು ನಿಶ್ಶಕ್ತಿಯೆಂದು ತಿಳಿದು ಸುಮ್ಮನಿದ್ದರೆ, ಆಷಾಢದ ಮಳೆಯಲ್ಲಿ ರಾತ್ರಿ ಸೆಳವು ಹಿಡಿದಾಗ ಮಂಗಳೂರು ಬಹು ದೂರವಾಗುತ್ತದೆ. ಗ್ರಂಥಿ ಪೂರ್ತಿ ಹೋದವನಿಗೆ ಥೈರಾಕ್ಸಿನ್ ಮಾತ್ರೆ ಜೀವಮಾನವಿಡೀ ನಿತ್ಯ ಬೇಕು. 1891ರಲ್ಲಿ ಜಾರ್ಜ್ ಮರ್ರೆಯವರು ಕುರಿಯ ಗ್ರಂಥಿಸಾರದಿಂದ ಈ ಚಿಕಿತ್ಸೆಗೆ ದಾರಿ ತೆರೆದರಾದರೂ, ಮಾತ್ರೆ ತಪ್ಪಿದ ಮನೆಯಲ್ಲಿ 1874ರ ಆ ಬಾಲಕಿಯ ಸ್ಥಿತಿಯೇ ಮರುಕಳಿಸುತ್ತದೆ.

ಧ್ವನಿಯ ಮಾತೂ ಹೀಗೆಯೇ. ಏರುಶ್ರುತಿಗೆ ಕಾರಣವಾದ ಸೂಕ್ಷ್ಮ ನರಕ್ಕೆ ಘಾಸಿಯಾದರೆ ಸಾಮಾನ್ಯ ಸಂಭಾಷಣೆಯಲ್ಲಿ ಅದು ಗೊತ್ತಾಗದೆ ಹೋಗಬಹುದು. ಆಸ್ಪತ್ರೆಯ ಪುಸ್ತಕದಲ್ಲಿ 'ಧ್ವನಿ ಸರಿಯಿದೆ' ಎಂದೇ ಬರೆದಿರುತ್ತದೆ. ಯಕ್ಷಗಾನದ ಭಾಗವತನಿಗಾದರೋ ಅದು ವೃತ್ತಿಯ ಅಂತ್ಯ. ಪರಿಣಾಮವನ್ನು ಅಳೆಯಬೇಕಾದ ಸ್ಥಳ ಯಾವುದೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ.

ಹಾಗೆಂದು, ಕೋಖರರಿಗೆ ಇಂದಿನ ಯಂತ್ರಗಳಿರಲಿಲ್ಲ, ನಮಗೂ ಬೇಡ ಎಂಬ ವಾದವನ್ನು ನಾವು ಒಪ್ಪುವುದಿಲ್ಲ. ಸಾಧನಗಳ ಕೊರತೆ ಗುಣವಲ್ಲ. ಯಾವ ರೋಗಿಗೆ ಎಲ್ಲಿ ಶಸ್ತ್ರಕ್ರಿಯೆ ಸಲ್ಲದೆಂಬ ನಿರ್ಣಯವೂ ಸುರಕ್ಷತೆಯ ಅಂಗವೇ. ಉಸಿರಾಟ ಕಷ್ಟವಾದ, ಸ್ವರ ಒಡೆದ ಗಳಗಂಡ ರೋಗಿಯನ್ನು ಚಿಕಿತ್ಸೆಗೆ ಎತ್ತಿಕೊಳ್ಳಬಾರದೆಂದು ಸುಶ್ರುತ ಸಂಹಿತೆಯ ನಿದಾನಸ್ಥಾನ ಎಚ್ಚರಿಸಿದೆ. ಇಂದು ಅಂತಹವನನ್ನು ಕೈಬಿಡುವುದಿಲ್ಲ. ತಡಮಾಡದೆ ದೊಡ್ಡ ಆಸ್ಪತ್ರೆಗೆ ಕಳುಹಿಸುತ್ತೇವೆ. ರೋಗ ಒಂದೇ ಪಾಲಿನಲ್ಲಿದ್ದರೆ ಅರ್ಧ ಗ್ರಂಥಿಯನ್ನು ಉಳಿಸುವುದು, ಮಾತ್ರೆ ನಿತ್ಯ ಸಿಗುವುದೆಂಬ ಭರವಸೆಯಿಲ್ಲದ ಮನೆಯವನಿಗೆ ಅನೇಕ ವೇಳೆ ಹೆಚ್ಚು ಹಿತಕರ.

ಶಸ್ತ್ರಕ್ಕೆ ಹಿಂದಿನ ಕಥೆಯೂ ಇದೆ. ಕಡಲು ಹತ್ತಿರವಿದ್ದಮಾತ್ರಕ್ಕೆ ಗಳಗಂಡದ ಭಯವಿಲ್ಲವೆಂಬ ನಂಬಿಕೆ ಸರಿಯಲ್ಲ. ಭಾರಿ ಮಳೆ ಮಣ್ಣಿನ ಅಯೋಡಿನನ್ನು ತೊಳೆದೊಯ್ಯುತ್ತದೆ. ಸಮುದ್ರದ ನೀರನ್ನು ಒಣಗಿಸಿ ತೆಗೆದ ಸಾದಾ ಉಪ್ಪಿನಲ್ಲಿಯೂ ಅದು ಅತ್ಯಲ್ಪ. 1956ರಲ್ಲಿ ಕಾಂಗ್ರಾ ಕಣಿವೆಯಲ್ಲಿ ಆರಂಭವಾದ ಪ್ರಯೋಗ ಅಯೋಡಿನ್ ಬೆರೆಸಿದ ಉಪ್ಪಿನ ಫಲವನ್ನು ಸಿದ್ಧಪಡಿಸಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಮೊದಲಾಯಿತು. ಶಸ್ತ್ರವೇ ಬೇಡವಾಗುವಂತೆ ಮಾಡಿದ ಈ ಉಪ್ಪು ಯಾವ ಶಸ್ತ್ರವೈದ್ಯನ ಕೀರ್ತಿಗೂ ಸೇರದು.

ಹಾಲ್‌ಸ್ಟೆಡ್ಡರ ಕೃತಿ ಶಸ್ತ್ರವೈದ್ಯರ ಚರಿತ್ರೆಯಾಗಿ ಉಳಿಯತಕ್ಕದ್ದು. ರೋಗಿಗಳ ಚರಿತ್ರೆಗೆ ಆಧಾರಗಳನ್ನು ಬೇರೆಡೆ ಹುಡುಕಬೇಕು: ಪ್ರಾಥಮಿಕ ಆರೋಗ್ಯ ಕೇಂದ್ರದ ಹೊರರೋಗಿ ಪುಸ್ತಕ, ಮಾತ್ರೆ ವಿತರಣೆಯ ಪಟ್ಟಿ, ಮನೆಮನೆಗೆ ಹೋಗುವ ದಾದಿಯ ದಿನಚರಿ. ಇವನ್ನು ಕಾಪಾಡಿದರೆ ಚರಿತ್ರಕಾರನಿಗೆ ಉಪಕಾರವಾಗುತ್ತದೆ ಎಂಬುದು ಸಣ್ಣ ಮಾತು. ಶಸ್ತ್ರಕ್ರಿಯೆ ಮುಗಿಸಿ ಊರಿಗೆ ಮರಳಿದವರು ಏನಾದರೆಂದು ಕೇಳುವ ಒಬ್ಬ ಫೆಟ್ಶೆರಿನ್ ಪ್ರತಿ ತಾಲ್ಲೂಕಿನಲ್ಲಿಯೂ ಇರಬೇಕಾದುದು, ಅವನ ಮಾತನ್ನು ನಗರದ ಆಸ್ಪತ್ರೆ ವರ್ಷಗಟ್ಟಲೆ ಕಾಯಿಸದೆ ಕೇಳಬೇಕಾದುದು ಹೆಚ್ಚಿನ ಮಾತು.