ವಯಸ್ಕರ ಬೋಧಕನಿಗೆ ಬೋಧಕರಾರು?

ವಯಸ್ಕರ ಶಿಕ್ಷಣವನ್ನು ಕುರಿತು ನಮ್ಮಲ್ಲಿ ನಡೆದಿರುವ ಚರ್ಚೆ ಬಹುಮಟ್ಟಿಗೆ ಎರಡು ಪ್ರಶ್ನೆಗಳ ಸುತ್ತಲೇ ಸುಳಿದಿದೆ: ಕಲಿತವರೆಷ್ಟು ಮಂದಿ? ಕಲಿಸಲು ಯಾವ ಪುಸ್ತಕ? ಕಲಿಸುವವನು ತನ್ನ ಕೌಶಲವನ್ನು ಯಾರಿಂದ ಪಡೆಯಬೇಕೆಂಬ ಮೂರನೆಯ ಪ್ರಶ್ನೆ ಹಿಂದೆ ಬಿದ್ದಿದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ದುಡಿಮೆಯ ಬದುಕನ್ನು ಮುಂದಿಟ್ಟುಕೊಂಡು ಈ ಕೊರತೆಯನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಮೂರು ಊರುಗಳು 1956ರವರೆಗೆ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಗೆ ಸೇರಿದ್ದವು. 1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾಯಿತು. ಆಡಳಿತದ ಎಲ್ಲೆಗಳಂತೆ ಯೋಜನೆಗಳೂ ಬದಲಾದುವು. 1978ರಲ್ಲಿ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ, 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್, 2009ರಲ್ಲಿ ಸಾಕ್ಷರ ಭಾರತ, 2022ರಲ್ಲಿ ನವಭಾರತ ಸಾಕ್ಷರತಾ ಕಾರ್ಯಕ್ರಮ ಒಂದರ ಹಿಂದೊಂದು ಬಂದುವು. 2011ರ ಜನಗಣತಿಯಂತೆ ಹಾವೇರಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ ಸುಮಾರು 77. ಸ್ತ್ರೀಯರಲ್ಲಿ ಸುಮಾರು 70. ಇದರಲ್ಲಿ ಮಕ್ಕಳ ಶಾಲೆಗಳ ಪಾಲೆಷ್ಟು, ವಯಸ್ಕರ ತರಗತಿಗಳ ಪಾಲೆಷ್ಟು ಎಂಬುದನ್ನು ಮಾತ್ರ ಈ ಅಂಕಿಗಳು ಹೇಳವು.

ಸಾಕ್ಷರತಾ ಮಿಷನ್ ಕಲಿಯುವವನಿಗೆ ಬಹು ನಿಖರವಾದ ಅಳತೆಗೋಲನ್ನು ಒದಗಿಸಿತು: ನಿಮಿಷಕ್ಕೆ 30 ಪದಗಳ ಗಟ್ಟಿ ಓದು, 35 ಪದಗಳ ಮೌನ ಓದು, 7 ಪದಗಳ ನಕಲು, 5 ಪದಗಳ ಉಕ್ತಲೇಖನ. ಕಲಿಸುವವನ ಕೌಶಲಕ್ಕೆ ಈ ಕೋಲಿನಲ್ಲಿ ಒಂದು ಗೀಟೂ ಇಲ್ಲ. ಸಂಪನ್ಮೂಲ ವ್ಯಕ್ತಿಯಿಂದ ಮಾಸ್ಟರ್ ಟ್ರೇನರಿಗೆ, ಅವನಿಂದ ಸ್ವಯಂಸೇವಕನಿಗೆ ತರಬೇತಿ ಮೆಟ್ಟಿಲಿಳಿದು ಬರುತ್ತಿತ್ತು. ಮೇಲ್ವಿಚಾರಣೆ ಇರಲಿಲ್ಲವೆಂದಲ್ಲ, ಆದರೆ ಹಾಜರಿ ನೋಡುವುದು ಬೇರೆ, ಬೋಧನೆಯನ್ನು ತಿದ್ದುವುದು ಬೇರೆ.

ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ತೆಗೆಯುವ ಹೆಣ್ಣುಮಗಳೊಬ್ಬಳನ್ನು ನೆನೆಯೋಣ. ಕಡ್ಡಿ, ಡಬ್ಬಿ ಎಂಬ ತಳಿಭೇದವನ್ನು ಕಣ್ಣಳತೆಯಿಂದ ಹೇಳಬಲ್ಲಳು. ತೂಕದ ಮೇಲೆ ತನ್ನ ಕೂಲಿ ಎಷ್ಟಾಯಿತೆಂಬುದನ್ನು ಬಾಯಿಲೆಕ್ಕದಲ್ಲೇ ತಿಳಿಯಬಲ್ಲಳು. ಇಂಥವಳನ್ನು ಸಂಜೆಯ ತರಗತಿಯಲ್ಲಿ ಏನೂ ಅರಿಯದ ಮಗುವಿನಂತೆ ಕಂಡರೆ, ನಾಲ್ವರೆದುರು ಅವಳ ತಪ್ಪನ್ನು ಎತ್ತಿ ಆಡಿದರೆ, ಮರುದಿನ ಅವಳ ಜಾಗ ಬರಿದಾಗುತ್ತದೆ. ಅವಳು ದೂರುವುದು ಬೋಧಕನನ್ನಲ್ಲ, ತನ್ನ ತಲೆಯನ್ನು. ಒಮ್ಮೆ ಹೀಗೆ ಹಿಂದಿರುಗಿದವಳು ಮತ್ತೆ ಬರುವುದು ದುರ್ಲಭ. ನಷ್ಟದ ನಿಜವಾದ ಪ್ರಮಾಣ ಇದು.

ಪರಿಹಾರವನ್ನು ದೂರದಲ್ಲಿ ಅರಸಬೇಕಾಗಿಲ್ಲ. ರಾಣೆಬೆನ್ನೂರಿನ ಸುತ್ತಣ ಹತ್ತಿಯ ಬೀಜೋತ್ಪಾದನೆಯ ಹೊಲಗಳಲ್ಲಿ ಕ್ರಾಸಿಂಗ್ ಕೆಲಸ ಸೂಕ್ಷ್ಮವಾದುದು. ಸಂಜೆ ಮೊಗ್ಗಿನ ಕೇಸರಗಳನ್ನು ತೆಗೆದು, ಮರುದಿನ ಬೆಳಗ್ಗೆ ಬೇರೊಂದು ತಳಿಯ ಪರಾಗವನ್ನು ಶಲಾಕೆಗೆ ಮುಟ್ಟಿಸಬೇಕು. ಉಗುರು ತುಸು ಆಳಕ್ಕಿಳಿದರೂ ಹೂವು ಕೆಟ್ಟಂತೆ. ಭಾಷಣ ಕೇಳಿ ಯಾರಿಗೂ ಈ ಕೈವಾಡ ಬಾರದು. ಬಲ್ಲವಳ ಬದಿಯಲ್ಲಿ ನಿಂತು, ಮಾಡಿ, ತಿದ್ದಿಸಿಕೊಂಡು ಕಲಿಯಬೇಕು. ಬೋಧನೆಯೂ ಇಂಥದೇ ಕೈವಾಡ. ಅನುಭವಿಯೊಬ್ಬನು ತರಗತಿಯ ಮೂಲೆಯಲ್ಲಿ ಸುಮ್ಮನೆ ಕುಳಿತು ನೋಡಬೇಕು. ಪಾಠ ಮುಗಿದ ಮೇಲೆ ಉಪದೇಶಕ್ಕೆ ಮುನ್ನ ಕೇಳಬೇಕು: ಇಂದು ಯಾರು ಮೌನವಾದರು? ಎಲ್ಲಿ ಮೌನವಾದರು? ಉತ್ತರ ಬೋಧಕನ ಬಾಯಿಂದಲೇ ಬರಲಿ. ಮುಂದಿನ ಭೇಟಿಯವರೆಗೆ ಪ್ರಯೋಗಿಸಲು ಒಂದೇ ಒಂದು ಮಾರ್ಪಾಟನ್ನು ಇಬ್ಬರೂ ಕೂಡಿ ಗೊತ್ತುಮಾಡಲಿ. ಹತ್ತು ದೋಷಗಳನ್ನು ಒಮ್ಮೆಗೇ ಎಣಿಸಿದರೆ ಬೋಧಕನೂ ಆ ಹೆಣ್ಣುಮಗಳಂತೆ ಕುಗ್ಗಿಹೋಗುವನು.

ಸಂಬಳವಿಲ್ಲದ ಸ್ವಯಂಸೇವಕನಿಂದ ಇಷ್ಟನ್ನು ಬಯಸುವುದು ನ್ಯಾಯವೇ ಎಂಬ ಆಕ್ಷೇಪಣೆ ಬರಬಹುದು. 2027ರವರೆಗೆ ಗೊತ್ತುಪಡಿಸಿರುವ ಇಂದಿನ ಕಾರ್ಯಕ್ರಮವಂತೂ ಐದು ವರ್ಷಗಳಲ್ಲಿ ಐದು ಕೋಟಿ ಜನರನ್ನು ಸಾಕ್ಷರರನ್ನಾಗಿಸುವ ಹೊಣೆಯನ್ನು ಸ್ವಯಂಸೇವಕರ ಹೆಗಲ ಮೇಲೆಯೇ ಇರಿಸಿದೆ. ಆದರೆ ಈ ಆಕ್ಷೇಪಣೆ ನಮ್ಮ ವಾದವನ್ನೇ ಬಲಪಡಿಸುತ್ತದೆ. ಹಣ ಕೊಡದವನಿಗೆ ಆಸರೆಯನ್ನಾದರೂ ಕೊಡಬೇಕು. ಒಂಟಿಯಾಗಿ ಬಿಟ್ಟು ಫಲ ಕೇಳುವುದು ಅನ್ಯಾಯ. ಈ ಮೂರೂ ಊರುಗಳಲ್ಲಿ ಕಾಲೇಜುಗಳಿವೆ, ಅನುಭವಿಗಳಾದ ಅಧ್ಯಾಪಕರಿದ್ದಾರೆ. ತಿಂಗಳಿಗೊಂದು ಸಂಜೆ ಅವರು ವಯಸ್ಕರ ತರಗತಿಯಲ್ಲಿ ಹೋಗಿ ಕುಳಿತರೆ ಸ್ವಯಂಸೇವಕನಿಗೆ ಬಲ ಬರುವುದು. ತಮ್ಮ ಬೋಧನೆಯನ್ನು ತಾವೂ ಪರೀಕ್ಷಿಸಿಕೊಳ್ಳುವ ಅವಕಾಶ ಅವರಿಗೆ ದೊರೆಯುವುದು. ನಮ್ಮ ಪಾಠವನ್ನಾದರೂ ಕೊನೆಯ ಬಾರಿ ಹಾಗೆ ಕುಳಿತು ಕೇಳಿ ತಿದ್ದಿದವರು ಯಾರು?