ಊರು ಕೆಟ್ಟಿದ್ದು ರಾಜಕೀಯದಿಂದಲ್ಲ

'ರಾಜಕೀಯ ಬಂತು, ಊರು ಕೆಡ್ತು.' ದರೋಜಿಯಿಂದ ಕಂಪ್ಲಿವರೆಗೆ, ಸಂಡೂರಿನಿಂದ ಹೊಸಪೇಟೆವರೆಗೆ ಯಾವ ಕಟ್ಟೆಯ ಮೇಲೆ ಕೂತರೂ ಈ ಮಾತು ಕಿವಿಗೆ ಬೀಳುತ್ತದೆ. ನಿವೃತ್ತ ಮೇಷ್ಟ್ರು ಹೇಳುತ್ತಾರೆ, ಗೊಬ್ಬರದ ಅಂಗಡಿಯವರು ಹೇಳುತ್ತಾರೆ, ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದ ಹುಡುಗರೂ ಹೇಳುತ್ತಾರೆ. ಹಿಂದೆ ಐದು ಜನ ಹಿರಿಯರು ಕೂತು ತೀರ್ಮಾನ ಮಾಡುತ್ತಿದ್ದರು, ಊರು ಒಂದಾಗಿತ್ತು, ಪಂಚಾಯಿತಿ ಎಲೆಕ್ಷನ್ ಬಂದ ಮೇಲೆ ಅಣ್ಣತಮ್ಮಂದಿರು ಮಾತು ಬಿಟ್ಟರು ಎಂಬುದು ಅದರ ಪೂರ್ಣ ಪಾಠ. ಪತ್ರಿಕೆಗಳಲ್ಲೂ ಇದೇ ನಂಬಿಕೆ. ಯಾವುದೋ ಊರಿನಲ್ಲಿ ಎಲ್ಲ ಸದಸ್ಯರೂ ಅವಿರೋಧವಾಗಿ ಆಯ್ಕೆಯಾದರೆ ಅದು ಸೌಹಾರ್ದದ ಸುದ್ದಿ. ಪೈಪೋಟಿ ನಡೆದರೆ ಅದು ಕಿತ್ತಾಟದ ಸುದ್ದಿ.

ಇದೇ ಸೀಮೆಯಲ್ಲಿ ಬದುಕುತ್ತಿರುವ ನನಗೆ ಈ ಮಾತು ಒಪ್ಪಿಗೆಯಿಲ್ಲ. ನಮ್ಮ ಕಡೆಯ ಊರುಗಳು ಕೆಟ್ಟಿರುವುದು ರಾಜಕೀಯ ಅತಿಯಾಗಿ ಅಲ್ಲ, ಸಾಲದಾಗಿ. ಚರಂಡಿ, ಮನೆ ಹಂಚಿಕೆ, ಜಾಬ್ ಕಾರ್ಡು ಇಷ್ಟಕ್ಕೆ ನಾವು ಜಗಳವಾಡುತ್ತೇವೆ. ಕೆರೆ, ಕಾಡು, ಅದಿರಿನ ದುಡ್ಡು ಇವುಗಳ ಪ್ರಶ್ನೆ ಬಂದಾಗ ನಮ್ಮ ಜಗಳಕ್ಕೆ ಜಾಗವೇ ಇರುವುದಿಲ್ಲ.

ಮೊದಲು ಆ ಐದು ಜನ ಹಿರಿಯರ ವಿಚಾರ. ಅವರು ಯಾರು ಎಂದು ಕೇಳಿದರೆ ಹೆಸರು ತಾವಾಗಿ ಬರುತ್ತವೆ: ಊರಗೌಡರು, ಕರಣಂ ಮನೆಯವರು, ಕೆರೆ ಕೆಳಗೆ ಹೆಚ್ಚು ಗದ್ದೆ ಇದ್ದವರು. ಅವರಲ್ಲಿ ನ್ಯಾಯವಂತರು ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ತೂಬು ಎತ್ತಿದಾಗ ನೀರು ಮೊದಲು ಯಾರ ಗದ್ದೆಗೆ, ಕೊನೆಗೆ ಯಾರ ಗದ್ದೆಗೆ ಎನ್ನುವುದನ್ನು ಕಾಲುವೆ ಕೊನೆಯ ರೈತ ಆ ಕಟ್ಟೆಯ ಮೇಲೆ ಎದ್ದುನಿಂತು ಪ್ರಶ್ನೆ ಮಾಡುವಂತಿರಲಿಲ್ಲ. ಕೇರಿಯವರು ಕಟ್ಟೆಯ ಕೆಳಗೆ ನಿಂತು ತೀರ್ಮಾನ ಕೇಳಿಸಿಕೊಂಡು ಹೋಗುತ್ತಿದ್ದರು. ಹೆಣ್ಣುಮಕ್ಕಳು ಅಲ್ಲಿಗೆ ಬರುತ್ತಲೇ ಇರಲಿಲ್ಲ. ಊರು ಒಂದಾಗಿತ್ತು ಎನ್ನುವವರ ನೆನಪು ಸುಳ್ಳಲ್ಲ, ಅದು ಕಟ್ಟೆಯ ಮೇಲೆ ಕೂತವರ ನೆನಪು.

ಬದಲಾವಣೆ ಬಂದದ್ದು ಚುನಾವಣೆಯಿಂದ. 1987ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳ ಚುನಾವಣೆ ನಡೆದಾಗ ನಾಲ್ಕನೇ ಒಂದು ಪಾಲು ಸ್ಥಾನ ಮಹಿಳೆಯರಿಗೆ ಮೀಸಲಾಗಿತ್ತು. ಆ ವ್ಯವಸ್ಥೆಯನ್ನು ಹಟ ಹಿಡಿದು ತಂದ ಸಚಿವ ಅಬ್ದುಲ್ ನಜೀರ್ ಸಾಬ್ ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿ ನೀರ್ ಸಾಬ್ ಎನಿಸಿಕೊಂಡರು. ಮೇಲಿನವರ ಬಾವಿಯ ಹತ್ತಿರ ಯಾರಾದರೂ ಸೇದಿ ಹಾಕಲಿ ಎಂದು ಕೊಡ ಇಟ್ಟುಕೊಂಡು ಕಾಯುತ್ತಿದ್ದ ಹೆಂಗಸರಿಗೆ ತಮ್ಮ ಕೇರಿಯೊಳಗೇ ಕೈಪಂಪು ಬಂದದ್ದು ಏನೆಂಬುದನ್ನು ಕಾದು ನಿಂತವರೇ ಹೇಳಬೇಕು. ಆಮೇಲೆ 1993ರ ಪಂಚಾಯತ್ ರಾಜ್ ಕಾಯ್ದೆ ಬಂತು, ಪರಿಶಿಷ್ಟರಿಗೆ ಮೀಸಲು ಖಾಯಂ ಆಯಿತು. 2010ರಲ್ಲಿ ಹೆಣ್ಣುಮಕ್ಕಳ ಪಾಲು ಅರ್ಧಕ್ಕೆ ಏರಿತು. ಊರು ಒಡೆಯಿತು ಎನ್ನುವವರು ಎಣಿಸುವ ವರ್ಷಗಳೂ ಇವೇ.

ಇನ್ನು ಅವಿರೋಧ ಆಯ್ಕೆ. 2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ರಾಜ್ಯದಲ್ಲಿ 8 ಸಾವಿರಕ್ಕೂ ಹೆಚ್ಚು ಸದಸ್ಯರು ಅವಿರೋಧವಾಗಿ ಬಂದರು. ಅದೇ ಹೊತ್ತಿನಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯೂ ಸೇರಿ ಹಲವು ಕಡೆಗಳಿಂದ ಸದಸ್ಯ ಸ್ಥಾನಗಳನ್ನು ಹರಾಜು ಹಾಕಿದ ಸುದ್ದಿ ಬಂತು. ಹರಾಜು ಅಪರಾಧ ಎಂದು ರಾಜ್ಯ ಚುನಾವಣಾ ಆಯೋಗ ಎಚ್ಚರಿಸಬೇಕಾಯಿತು. ಆಗ ನಮ್ಮಲ್ಲಿ ಹಲವರು ಹೇಳಿದ್ದೇನೆಂದರೆ, ಆ ದುಡ್ಡು ಯಾರ ಜೇಬಿಗೂ ಹೋಗಲಿಲ್ಲ, ಗುಡಿ ಕೆಲಸಕ್ಕೆ ಹೋಯಿತು, ಹೆಂಡ ಹಂಚಿ ಗೆಲ್ಲುವುದಕ್ಕಿಂತ ಇದು ಮೇಲು. ಒಳ್ಳೆಯ ಮನಸ್ಸಿನವರೂ ಹೀಗೆ ಹೇಳುತ್ತಾರೆ ಎಂಬುದೇ ನನ್ನ ಸಂಕಟ. ಹೆಂಡ ಹಂಚುವವನೂ ಕೊನೆಗೆ ಮತದಾರನ ಮನೆ ಬಾಗಿಲಿಗೆ ಬಂದು ಕೈ ಮುಗಿಯಬೇಕು. ಹರಾಜಿನಲ್ಲಿ ಸ್ಥಾನ ಹಿಡಿದವನು ಯಾರ ಬಾಗಿಲಿಗೂ ಬರಬೇಕಿಲ್ಲ. ಗುಡಿಗೆ ಕೊಟ್ಟ ಲಕ್ಷಗಳನ್ನು ಕಾಮಗಾರಿಯ ಬಿಲ್ಲಿನಲ್ಲಿ ವಾಪಸು ಎತ್ತುವಾಗ ಕೇಳುವ ಎದುರಾಳಿ ಸದಸ್ಯನೂ ಸಭೆಯಲ್ಲಿ ಇರುವುದಿಲ್ಲ.

ಅವಿರೋಧ ಹೇಗೆ ಆಗುತ್ತದೆ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ. ನಮ್ಮ ಕಡೆಯ ಒಂದು ಊರಿನಲ್ಲಿ ಪರಿಶಿಷ್ಟ ಜಾತಿ ಮಹಿಳೆಗೆ ಮೀಸಲಾದ ಸ್ಥಾನಕ್ಕೆ ಕೂಲಿ ಮಾಡುವ ಹೆಣ್ಣುಮಗಳೊಬ್ಬಳು ನಾಮಪತ್ರ ಕೊಟ್ಟಳು. ಹತ್ತಿ ಬಿಡಿಸುವುದು, ಮೆಣಸಿನಕಾಯಿ ಹರಿಯುವುದು ಅವಳ ಕೆಲಸ, ಸ್ವಸಹಾಯ ಸಂಘದ ಪುಸ್ತಕವನ್ನು ತಾನೇ ಬರೆಯುವಷ್ಟು ಓದಿದವಳು. ಹಿರಿಯರು ಮೊದಲೇ ಇನ್ನೊಬ್ಬಳ ಹೆಸರು ಮಾತಾಡಿಕೊಂಡಿದ್ದರು. ಅವಳ ಗಂಡ ಊರಿನ ದೊಡ್ಡ ಜಮೀನುದಾರರ ಟ್ರ್ಯಾಕ್ಟರ್ ಓಡಿಸುವವ. ಸಂಜೆ ನಾಲ್ಕು ಜನ ಇವಳ ಗುಡಿಸಲಿಗೆ ಬಂದರು. ಯಾರೂ ಗದರಲಿಲ್ಲ. ಅವರಲ್ಲಿ ವಯಸ್ಸಾದವರು ಬಹಳ ಮೆತ್ತಗೆ ಹೇಳಿದರು: 'ಯವ್ವಾ, ನಿನಗ್ಯಾಕ ಬೇಕವ್ವಾ ಈ ಉಸಾಬರಿ? ಊರು ಒಂದಾಗಿ ಹೊಂಟೈತಿ. ನೀ ಒಬ್ಬಾಕಿ ಅಡ್ಡ ನಿಲ್ಲಬ್ಯಾಡ.' ಅವಳು ಅಂದಳು: 'ಯಪ್ಪಾ, ಊರು ಅಂದ್ರ ನಾವೂ ಅದೀವಲ್ರೀ.' ನಾಮಪತ್ರ ವಾಪಸು ಪಡೆಯುವ ಕೊನೆಯ ದಿನ ಅವಳೇ ಹೋಗಿ ಸಹಿ ಮಾಡಿ ಬಂದಳು. ಮೆಣಸಿನಕಾಯಿ ಹರಿಯುವ ಕಾಲ ಮುಂದಿತ್ತು, ಹೊಲಗಳೆಲ್ಲ ಅವರವೇ. ಮರುದಿನ ಊರಲ್ಲಿ ಸಿಹಿ ಹಂಚಿದರು. ಆ ಸಾಮರಸ್ಯಕ್ಕೆ ಬೆಲೆ ಕೊಟ್ಟವಳು ಅವಳೊಬ್ಬಳೇ.

ಜಗಳಗಳು ಸುಳ್ಳೆಂದು ನಾನು ವಾದಿಸುತ್ತಿಲ್ಲ. ಮತ ಹಾಕಲಿಲ್ಲವೆಂದು ನಳಕ್ಕೆ ನೀರು ಬಿಡದ ವಾಟರ್‌ಮನ್‌ಗಳಿದ್ದಾರೆ. ಎದುರು ಪಾರ್ಟಿಯವನೆಂದು ಮನೆ ಪಟ್ಟಿಯಿಂದ ಹೆಸರು ಬಿಡಿಸಿದ ಸದಸ್ಯರಿದ್ದಾರೆ. ಒಂದೇ ಗೋಡೆಯ ಆಚೀಚೆ ಇರುವ ದಾಯಾದಿಗಳು ಸಾವಿಗೂ ಹೋಗದ ಉದಾಹರಣೆ ಪ್ರತಿ ಊರಿನಲ್ಲೂ ಇದೆ. ಇದು ನೋವಿನ ಸಂಗತಿ. ಆದರೆ ಮನೆ, ನೀರು, ಕೆಲಸ ಇವು ಹಕ್ಕಾಗಿ ಬರದೆ ಒಬ್ಬ ಮನುಷ್ಯನ ಕೃಪೆಯಾಗಿ ಬರುವವರೆಗೂ ಆ ಮನುಷ್ಯ ಗೆದ್ದು ಬಂದಿದ್ದರೂ ಅಷ್ಟೇ, ಐವರು ಹಿರಿಯರಲ್ಲಿ ಒಬ್ಬನಾಗಿದ್ದರೂ ಅಷ್ಟೇ. ವ್ಯತ್ಯಾಸವೆಂದರೆ ಗೆದ್ದು ಬಂದವನನ್ನು ಸೋಲಿಸಬಹುದು.

ರಾಜಕೀಯ ಎಂದರೆ ಜನ ಮೂಗು ಮುರಿಯುವುದಕ್ಕೆ ನಮ್ಮ ಜಿಲ್ಲೆಯಲ್ಲಿ ಇನ್ನೊಂದು ದೊಡ್ಡ ಕಾರಣ ಗಣಿ. ಸಂಡೂರಿನ ಗುಡ್ಡಗಳಿಂದ ತೋರಣಗಲ್ಲು ಕಡೆಗೆ ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದ ವರ್ಷಗಳಲ್ಲಿ ರಸ್ತೆ ಬದಿಯ ಬೇವಿನ ಎಲೆಯೂ ಕೆಂಪಾಗಿತ್ತು, ಮಕ್ಕಳ ಶಾಲೆಯ ಅಂಗಿಯೂ ಕೆಂಪಾಗಿತ್ತು. ಅದಿರಿನ ದುಡ್ಡು ಚುನಾವಣೆಗೆ ಹರಿದದ್ದನ್ನು ಕಂಡವರು 'ಇದೇ ರಾಜಕೀಯ' ಎಂದು ಕೈ ತೊಳೆದುಕೊಂಡರು. ಆದರೆ ಆ ಅಕ್ರಮ ಗಣಿಗಾರಿಕೆ ನಿಂತದ್ದು ಹೇಗೆ? ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯವರು ಸುಪ್ರೀಂ ಕೋರ್ಟಿಗೆ ಹೋದರು. ವಿರೋಧ ಪಕ್ಷ 2010ರಲ್ಲಿ ಬೆಂಗಳೂರಿನಿಂದ ಬಳ್ಳಾರಿವರೆಗೆ ಪಾದಯಾತ್ರೆ ಮಾಡಿತು. ಲೋಕಾಯುಕ್ತ ಸಂತೋಷ್ ಹೆಗ್ಡೆಯವರು 2011ರ ಜುಲೈನಲ್ಲಿ ಎರಡನೇ ವರದಿ ಕೊಟ್ಟರು, ಅದೇ ತಿಂಗಳ ಕೊನೆಗೆ ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟು ನಿಲ್ಲಿಸಿತು, ಮುಖ್ಯಮಂತ್ರಿಯೇ ರಾಜೀನಾಮೆ ಕೊಡಬೇಕಾಯಿತು. ಎದುರು ಹೇಳುವವರು ಇಲ್ಲದಿದ್ದಾಗ ಲೂಟಿ ನಡೆಯಿತು, ಎದುರು ಹೇಳುವವರು ಹುಟ್ಟಿಕೊಂಡಾಗ ನಿಂತಿತು. ಇದೇ ಸಂಡೂರಿನಲ್ಲಿ 1973ರಲ್ಲಿ ಇನಾಂ ಜಮೀನಿನ ರೈತರು ಸಮಾಜವಾದಿಗಳ ಜೊತೆ ಸೇರಿ ಭೂಮಿಗಾಗಿ ಹೋರಾಡಿದ್ದರು. ಆಗಲೂ ಊರು ಒಡೆಯುತ್ತಾರೆ ಎಂಬ ಆರೋಪ ಕೇಳಿದವರು ಅವರೇ ಇರಬೇಕು.

ಈಗ ಅದಿರಿನ ದುಡ್ಡಿನ ಇನ್ನೊಂದು ಲೆಕ್ಕ ಇದೆ. ಗಣಿ ಕಾಯ್ದೆಯ 2015ರ ತಿದ್ದುಪಡಿಯಿಂದ ಜಿಲ್ಲಾ ಖನಿಜ ನಿಧಿ ಬಂತು. ಹಳೆಯ ಗುತ್ತಿಗೆಗಳಲ್ಲಿ ರಾಜಧನದ ಶೇ 30ರಷ್ಟು, ಹರಾಜಾದ ಹೊಸ ಗುತ್ತಿಗೆಗಳಲ್ಲಿ ಶೇ 10ರಷ್ಟು ಈ ನಿಧಿಗೆ ಸೇರಬೇಕು. ಇದಲ್ಲದೆ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿ ಬಾಧಿತ ಪ್ರದೇಶಕ್ಕೆಂದು ಸುಪ್ರೀಂ ಕೋರ್ಟಿನ ಉಸ್ತುವಾರಿಯಲ್ಲಿ 20 ಸಾವಿರ ಕೋಟಿ ಮೀರಿದ ಯೋಜನೆ ತಯಾರಾಗಿದೆ, ಅದಕ್ಕೆ ಪ್ರತ್ಯೇಕ ನಿಗಮವೇ ಇದೆ. ಬಾಧಿತ ಕುಟುಂಬಗಳನ್ನು ಸಾಧ್ಯವಾದ ಮಟ್ಟಿಗೆ ಗ್ರಾಮಸಭೆ ಮತ್ತು ಚುನಾಯಿತರ ಜೊತೆ ಸಮಾಲೋಚಿಸಿ ಗುರುತಿಸಬೇಕು ಎಂದು ಖನಿಜ ನಿಧಿಯ ಮಾರ್ಗಸೂಚಿ ಹೇಳುತ್ತದೆ. ಆದರೆ ನಾನು ಕಂಡ ಗ್ರಾಮಸಭೆಗಳಲ್ಲಿ ಈ ಪಟ್ಟಿಯ ಮಾತು ಎತ್ತಿದವರನ್ನು ನೋಡಿಲ್ಲ. ಸಂಡೂರಿನ ಗುಡ್ಡಗಳಿಂದ ಇಳಿದ ನಾರಿಹಳ್ಳ ತಾರಾನಗರ ದಾಟಿ ದರೋಜಿ ಕೆರೆಗೆ ಬರುತ್ತದೆ. ಗುಡ್ಡದ ಮಣ್ಣು ಸಡಿಲವಾದರೆ ಅದು ಕೊನೆಗೆ ಯಾರ ಕೆರೆಯಲ್ಲಿ ಹೂಳಾಗಿ ಕೂರುತ್ತದೆ ಎಂದು ಹೇಳಲು ಇಂಜಿನಿಯರ್ ಬೇಡ. ಕೆರೆ ಕೋಡಿ ಬಿದ್ದ ವರ್ಷ ಬಾಗಿನ ಅರ್ಪಿಸುವ ಫೋಟೋಗಳು ಬರುತ್ತವೆ. ಕೆರೆ ಅಂಗಳದಲ್ಲಿ ಹೂಳು ಎಷ್ಟಿದೆ, ಅದನ್ನು ತೆಗೆಸಲು ಯಾವ ನಿಧಿಯಲ್ಲಿ ಎಷ್ಟು ಇಟ್ಟಿದ್ದಾರೆ ಎಂಬ ಪ್ರಶ್ನೆಯ ಮೇಲೆ ನಮ್ಮ ಸೀಮೆಯ ಊರುಗಳು ಎರಡು ಪಾರ್ಟಿಯಾಗಿ ಜಗಳವಾಡಿದ್ದರೆ ನಾನು ಸಂತೋಷಪಡುತ್ತಿದ್ದೆ.

ಕರಡಿಧಾಮದ ಕಥೆಯೂ ಇದೇ. ಹೊರಗಿನವರಿಗೆ ದರೋಜಿ ಎಂದರೆ ಕರಡಿ. 1994ರಲ್ಲಿ ಬಿಳಿಕಲ್ಲು ಮೀಸಲು ಅರಣ್ಯದ 5,587 ಹೆಕ್ಟೇರನ್ನು ಕರಡಿಧಾಮ ಮಾಡಿದರು, 2009ರಲ್ಲಿ ಬುಕ್ಕಸಾಗರ ಕಡೆಯ ಕಾಡನ್ನೂ ಸೇರಿಸಿ ಅದು ಸುಮಾರು 82 ಚದರ ಕಿಲೋಮೀಟರ್ ಆಯಿತು. ಅರಣ್ಯ ಇಲಾಖೆಯವರು ಬಂಡೆಗೆ ಬೆಲ್ಲದ ಪಾಕ ಸವರಿ ಬರುತ್ತಾರೆ, ಮಧ್ಯಾಹ್ನ ಇಳಿಯುತ್ತಲೇ ಕರಡಿಗಳು ನೆಕ್ಕಲು ಬರುತ್ತವೆ, ಹಂಪಿಗೆ ಬಂದ ಪ್ರವಾಸಿಗರು ವೀಕ್ಷಣಾ ಗೋಪುರದಿಂದ ನೋಡಿ ಹೋಗುತ್ತಾರೆ. ಕರಡಿಗೆ ಕಾಡು ಬೇಕು, ಈ ಧಾಮ ಆಗಿದ್ದು ಒಳ್ಳೆಯದೇ. ಆ ಒಳ್ಳೆಯದರ ಖರ್ಚು ಯಾರ ಹೆಗಲಿಗೆ ಎಂಬುದಷ್ಟೇ ಪ್ರಶ್ನೆ. ಮೆಕ್ಕೆಜೋಳ ತೆನೆ ಕಟ್ಟಿದ ಮೇಲೆ ಅಂಚಿನ ಊರಿನ ರೈತರು ರಾತ್ರಿ ಅಟ್ಟಣಿಗೆಯ ಮೇಲೆ ಡಬ್ಬ ಬಡಿಯುತ್ತಾ ಕೂರುತ್ತಾರೆ. ಸೀತಾಫಲ ಕೀಳಲು, ಕುರಿ ಕಾಯಲು ಹೋದವರು ಮುಖ ತಲೆ ಹರಿಸಿಕೊಂಡು ಆಸ್ಪತ್ರೆ ಸೇರಿದ್ದಾರೆ. ಪರಿಹಾರದ ಅರ್ಜಿಗೆ ಫೋಟೋ, ಪಹಣಿ, ಮಹಜರು ಜೋಡಿಸುವಷ್ಟರಲ್ಲಿ ಮುಂದಿನ ಬೆಳೆ ಬಂದಿರುತ್ತದೆ. ಇದನ್ನು ಪಂಚಾಯಿತಿ ಚುನಾವಣೆಯ ವಿಷಯ ಮಾಡಿದರೆ 'ಕಾಡಿನ ವಿಷಯದಲ್ಲೂ ರಾಜಕೀಯ ಬೇಕಾ' ಎನ್ನುತ್ತಾರೆ. ಬೇಕು.

ದರೋಜಿಗೆ ಕರಡಿಗಿಂತ ದೊಡ್ಡ ಹೆಸರು ತಂದವರು ಈರಮ್ಮ. ಬುರ್ರಕಥೆಯ ಈರಮ್ಮ ಅಕ್ಷರ ಕಲಿತವರಲ್ಲ, ಕುಮಾರರಾಮನೂ ಸೇರಿ ಹನ್ನೆರಡು ಮಹಾಕಾವ್ಯಗಳನ್ನು ನಾಲಿಗೆ ಮೇಲೆ ಇಟ್ಟುಕೊಂಡಿದ್ದವರು. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2003ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಬಂತು. 2014ರ ಆಗಸ್ಟಿನಲ್ಲಿ ತೀರಿಕೊಂಡರು. ಅವರು ಬುಡ್ಗ ಜಂಗಮರು, ಊರೂರು ಅಲೆದು ಕಥೆ ಹೇಳಿ ಕಾಳು ಪಡೆದು ಬದುಕಿದ ಪರಿಶಿಷ್ಟ ಜಾತಿಯವರು. ಈರಮ್ಮನವರನ್ನು ಹೊಗಳದ ವೇದಿಕೆ ನಮ್ಮ ಕಡೆ ಇಲ್ಲ. 2025ರಲ್ಲಿ ಪರಿಶಿಷ್ಟ ಜಾತಿಗಳ ಒಳಮೀಸಲಾತಿಯ ಪ್ರಶ್ನೆ ಬಂದಾಗ ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗ ಅತಿ ಹಿಂದುಳಿದ ಅಲೆಮಾರಿಗಳಿಗೆ ಪ್ರತ್ಯೇಕ ಶೇ 1 ಶಿಫಾರಸು ಮಾಡಿತ್ತು. ಆಗಸ್ಟಿನಲ್ಲಿ ಸಚಿವ ಸಂಪುಟ ಅದನ್ನು ಬಿಟ್ಟು ಮೂರು ಗುಂಪುಗಳಿಗೆ ಶೇ 6, 6, 5 ಎಂದು ಹಂಚಿತು, 59 ಅಲೆಮಾರಿ ಸಮುದಾಯಗಳನ್ನು ತಮಗಿಂತ ಬಲವಾದವರ ಗುಂಪಿನೊಳಗೆ ಸೇರಿಸಿತು. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅಲೆಮಾರಿಗಳು ಧರಣಿ ಕೂತರು. ಕಲೆಯ ವೇದಿಕೆಯಲ್ಲಿ ಈರಮ್ಮನವರ ಹೆಸರು ಹೇಳುವ ನಮ್ಮಲ್ಲಿ ಎಷ್ಟು ಜನ ಆ ಶೇ 1ರ ಬಗ್ಗೆ ಬಾಯಿ ತೆರೆದೆವು? ರಾಜಕೀಯ ಬೇಡ ಎನ್ನುವ ಮಾತು ಪಾಲು ಕೇಳದೆಯೇ ಸಿಗುವವರ ಬಾಯಲ್ಲಿ ಚೆಂದ. ಕೇಳಿದರೂ ಸಿಗದವರಿಗೆ ರಾಜಕೀಯ ಬಿಟ್ಟು ಬೇರೆ ದಾರಿಯಿಲ್ಲ.

ಗ್ರಾಮಸಭೆಗೆ ಜನ ಬರುವುದಿಲ್ಲ, ಅವರಿಗೇ ಆಸಕ್ತಿಯಿಲ್ಲ ಎಂಬುದು ಅಧಿಕಾರಿಗಳು ಹೇಳುವ ಮಾತು. ಕಾಯ್ದೆಯ ಪ್ರಕಾರ ಗ್ರಾಮಸಭೆಗೆ ಮತದಾರರಲ್ಲಿ ಹತ್ತನೇ ಒಂದು ಪಾಲು ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಹಾಜರಿದ್ದರೆ ಕೋರಂ. ಆ ನೂರು ಸಹಿಗಳಿಗಾಗಿ ಹಾಜರಿ ಪುಸ್ತಕ ಮನೆ ಮನೆಗೆ ಹೋಗುವುದನ್ನು, ನರೇಗಾ ಕೆಲಸದ ಜಾಗದಲ್ಲೇ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದನ್ನು ಕಂಡಿದ್ದೇನೆ. ಪುಸ್ತಕ ತರುವವನು ನಮಗೆ ಗೊತ್ತಿರುವ ಹುಡುಗನೇ, 'ಅಣ್ಣಾ, ಒಂದು ಸೈನ್ ಹಾಕ್ರಿ' ಎಂದರೆ ಬೇಡ ಎನ್ನಲು ಬಾಯಿ ಬರುವುದಿಲ್ಲ. ಮುಂದಿನ ಸಲ ಬೇಡ ಎನ್ನೋಣ. ಸಭೆ ನಡೆಯುವ ದಿನ ಹೋಗಿ ಕೂತು, ಖನಿಜ ನಿಧಿಯಿಂದ ನಮ್ಮ ಪಂಚಾಯಿತಿಗೆ ಮಂಜೂರಾದ ಕಾಮಗಾರಿಗಳ ಪಟ್ಟಿಯನ್ನು ಮೈಕಿನಲ್ಲಿ ಓದಿ ಎಂದು ಕೇಳೋಣ. ಪಟ್ಟಿ ತಂದಿಲ್ಲ ಎಂದರೆ ಅದನ್ನೇ ನಡಾವಳಿ ಪುಸ್ತಕದಲ್ಲಿ ಬರೆಸಿ, ಬರೆದದ್ದನ್ನು ಓದಿಸಿ, ಆಮೇಲೆ ಸಹಿ ಹಾಕೋಣ.